ಸೊನ್ನೆ ಬಿಟ್ಟ ಪಾಪ

ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾದ ಮೇಲೆ ಅವರು ನಟಿಸಿದ ಸಿನಿಮಾ ರಾಯದುರ್ಗಕ್ಕೆ ಬಂತು. ನಟಿಸಿದ ಅನ್ನುವುದು ದೊಡ್ಡ ಮಾತಾಯಿತು. ಎರಡೂವರೆ ತಾಸಿನ ಸಿನಿಮಾದಲ್ಲಿ ಅವರು ಕಾಣುವುದು ಅರ್ಧ ನಿಮಿಷ, ಆಡುವುದು ಒಂದೇ ಮಾತು. ಆ ಒಂದು ಮಾತಿನಿಂದ ನಾನು ಪಟ್ಟ ಕಿರಿಕಿರಿಯನ್ನು ಬರೆದು ಇಟ್ಟರೆ ತಲೆ ಸ್ವಲ್ಪ ಹಗುರಾದೀತೆಂದು ಈ ನೋಟ್‌ಬುಕ್ ತೆಗೆದಿದ್ದೇನೆ.

ಅವರು ಭೈರವಾನಿತಿಪ್ಪ ಪ್ರಾಜೆಕ್ಟಿನ ಅಣೆಕಟ್ಟಿನಲ್ಲಿ ಲಸ್ಕರ್ ಆಗಿದ್ದರು. ಕಾಲುವೆಗೆ ನೀರು ಬಿಡುವುದು, ನಿಲ್ಲಿಸುವುದು ಅವರ ಕೆಲಸ. ಹಗರಿ ಹೊಳೆಯಲ್ಲಿ ನೀರು ಬಂದ ವರ್ಷಕ್ಕಿಂತ ಬಾರದ ವರ್ಷಗಳೇ ಹೆಚ್ಚು. ಬರಲಿ ಬಿಡಲಿ, ತೂಬಿನ ಚಕ್ರಕ್ಕೆ ಗ್ರೀಸ್ ಹಚ್ಚುವುದನ್ನು ಅವರು ಬಿಟ್ಟವರಲ್ಲ. ರಿಟೈರಾಗಿ ರಾಯದುರ್ಗದಲ್ಲಿ ಮನೆ ಮಾಡಿದ ಮೇಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ಆ ಚಕ್ರವನ್ನು ಮುಟ್ಟಿ ಬರುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆ. ಇದ್ದ ಮಾತಿನಲ್ಲಿ ಅರ್ಧಪಾಲು "ಪಾಪ, ಹೋಗ್ಲಿ ಬಿಡು" ಅನ್ನುವುದೇ. ಹಾಲಿನವಳು ನೀರು ಬೆರೆಸಿದರೂ ಪಾಪ, ಹೋಗ್ಲಿ ಬಿಡು. ಕಂಡಕ್ಟರು ನಮ್ಮನ್ನು ಒಂದು ಸ್ಟಾಪು ಮುಂದೆ ಇಳಿಸಿ ಬಿಸಿಲಲ್ಲಿ ನಡೆಸಿದರೂ ಪಾಪ, ಹೋಗ್ಲಿ ಬಿಡು. ಟೈಲರು ನನ್ನ ರವಿಕೆಯನ್ನು ಎರಡು ಬೆರಳು ಬಿಗಿ ಹೊಲಿದು ಕೊಟ್ಟಾಗಲೂ ಅದೇ.

"ಪಾಪ ಅನ್ನಬೇಕಾದ್ದು ಅವನಿಗಲ್ಲ, ಉಸಿರಾಡಕ್ಕಾಗದೆ ನಿಂತಿರೋ ನನಗೆ" ಎಂದು ನಾನು ರೇಗುತ್ತಿದ್ದೆ. ಅದಕ್ಕೂ ಅವರು ನಗುತ್ತಿದ್ದರು.

ನಾನು ಮಡಕಶಿರದವಳು. ಮದುವೆಯಾಗಿ ಈ ಕಡೆ ಬಂದು ಮೂವತ್ತೈದು ವರ್ಷವಾಯಿತು. ಇಲ್ಲಿನವರ ಜೊತೆ ಬರ್ರಿ, ಹೋಗ್ರಿ ಎಂದು ಚೆನ್ನಾಗಿಯೇ ಮಾತಾಡುತ್ತೇನೆ. ಆದರೆ ಸಿಟ್ಟು ಬಂದರೆ ಸಾಕು, ಬಾಯಲ್ಲಿ ಮಡಕಶಿರ ಬರುತ್ತದೆ. "ಬತ್ತೀರೋ ಇಲ್ವೋ?" ಎಂದರೆ ಸಾಕು, ಯಜಮಾನರಿಗೆ ನಾನು ಯಾವ ಮಟ್ಟಕ್ಕೆ ರೇಗಿದ್ದೇನೆಂದು ಗೊತ್ತಾಗುತ್ತಿತ್ತು.

ಸಿನಿಮಾದವರು ಅಣೆಕಟ್ಟಿನ ಹತ್ತಿರ ಹನ್ನೆರಡು ದಿನ ಇದ್ದರು. ಅವರು ಮಾಡುತ್ತಿದ್ದುದು ಒಂದು ಹಳೆಯ ಕನ್ನಡ ಕಾದಂಬರಿಯನ್ನು. ನಾನು ಹತ್ತನೇ ತರಗತಿಯಲ್ಲಿ ಓದಿದ್ದ ಕಾದಂಬರಿ ಅದು, ಆಗ ನಮಗೆ ಉಪಪಠ್ಯವಾಗಿತ್ತು. ಒಬ್ಬ ನೀರುಗಂಟಿ ಯೌವನದಲ್ಲಿ ಹಗೆಯಿಂದ ಊರಿನ ಕೆರೆಯ ಏರಿ ಕಡಿಯುತ್ತಾನೆ. ಕೆಳಗಿನ ಕೇರಿ ಕೊಚ್ಚಿ ಹೋಗುತ್ತದೆ. ತಪ್ಪು ಬೇರೆಯವನ ತಲೆಗೆ ಬರುತ್ತದೆ. ನೀರುಗಂಟಿ ಊರು ಬಿಡುತ್ತಾನೆ, ಮುದುಕನಾಗಿ ತಿರುಗಿ ಬರುತ್ತಾನೆ, ಯಾರೂ ಗುರುತು ಹಿಡಿಯದಂತೆ ಅದೇ ಕೆರೆಯ ಏರಿಗೆ ಮಣ್ಣು ಹೊರುತ್ತಾನೆ. ಕೊನೆಗೆ ಊರವರ ಮುಂದೆ ನಿಂತು, ಕಡಿದವನು ನಾನೇ ಎನ್ನುತ್ತಾನೆ. ಜನ ಹೊಡೆಯಲು ಮುನ್ನುಗ್ಗುತ್ತಾರೆ. ಆಗ, ಆ ನೀರಿನಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡ ಒಬ್ಬ ಮುದುಕ ಏನೂ ಹೇಳದೆ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಡುತ್ತಾನೆ. ಆ ಪುಟ ಓದಿ ನಾವು ಹುಡುಗಿಯರೆಲ್ಲ ಕ್ಲಾಸಿನಲ್ಲಿ ಅತ್ತಿದ್ದೆವು.

ದಾರಿ ಬಿಡುವ ಆ ಮುದುಕನೇ ನಮ್ಮ ಯಜಮಾನರು.

ಅವರನ್ನು ಕರೆದದ್ದು ಅದಕ್ಕಲ್ಲ. ತೂಬಿನ ಚಕ್ರ ತಿರುಗಿಸುವುದನ್ನು ಹೀರೋಗೆ ಕಲಿಸಿಕೊಡಲು ಕರೆದಿದ್ದರು. ಹೀರೋ ಹಲ್ಲು ಕಚ್ಚಿ ಚಕ್ರ ಎಳೆದನಂತೆ. "ಇನ್ನೂ ಜೋರು, ಬೆವರು ಕಾಣಬೇಕು" ಎಂದರಂತೆ ನಿರ್ದೇಶಕರು. ಇವರು ಮಧ್ಯೆ ಬಾಯಿ ಹಾಕಿ, "ಅದಕ್ಕ ಬೆವರು ಬ್ಯಾಡ್ರಿ ಸಾರ್, ಎಣ್ಣಿ ಬೇಕು" ಎಂದರಂತೆ. ಎಲ್ಲರೂ ನಕ್ಕರು. ಆ ನಗೆಯಿಂದಲೇ ಅವರಿಗೆ ಮುದುಕನ ಪಾತ್ರ ಸಿಕ್ಕಿತು. ಹೆಗಲ ಮೇಲೊಂದು ಕಂಬಳಿ ಹಾಕಿ ನಿಲ್ಲಿಸಿದರು.

ಆ ಸೀನು ತೆಗೆದ ದಿನ ನಾನೂ ಅಲ್ಲಿದ್ದೆ. ಸಕ್ಕರೆ ಕಾಯಿಲೆಯವರು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಟಿಫಿನ್ ಕ್ಯಾರಿಯರು ಹಿಡಿದು ಬಸ್ಸು ಹತ್ತಿ ಹೋದೆ. ಎರಡು ಗಂಟೆಯಾದರೂ ಅವರು ಏರಿಯ ಮೇಲೆ ಕಂಬಳಿ ಹೊದ್ದು ನಿಂತೇ ಇದ್ದರು. ನನಗೆ ತಡೆಯಲಾಗಲಿಲ್ಲ. ಕೆಳಗಿನಿಂದಲೇ ಕೂಗಿದೆ. ಎಲ್ಲರೂ ಒಟ್ಟಿಗೆ ತಿರುಗಿ ನನ್ನ ಕಡೆ ನೋಡಿದರು. ಯಾರೋ ಬೈದರು. ಮಾನ ಹೋದಂತಾಗಿ, ಕ್ಯಾರಿಯರನ್ನು ಜಾಲಿ ಮರದ ಬುಡದಲ್ಲಿಟ್ಟು ಬಂದ ಬಸ್ಸಿಗೇ ವಾಪಸಾದೆ. ಸಂಜೆ ಅವರು ಮನೆಗೆ ಬಂದು, "ನನಗ ಡೈಲಾಗ್ ಕೊಟ್ಟಾರ" ಎಂದರು. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಯಾವ ಡೈಲಾಗ್ ಎಂದು ಕೇಳಲಿಲ್ಲ. ಅನ್ನ ಆರಿ ಕಲ್ಲಾಗಿದ್ದ ವಿಷಯವನ್ನೇ ಎತ್ತಿದೆ.

ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಪೂಜೆಗೆ ಕೂತವರು ಎದ್ದೇಳಲಿಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದರು, ಬೆರಳಲ್ಲಿ ಇನ್ನೂ ಸ್ವಲ್ಪ ಇತ್ತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಸಿನಿಮಾ ಬಂದಿದೆ ಎಂದು ಹೇಳಲು ಓಡಿ ಬಂದವಳು ಪಕ್ಕದ ಮನೆಯಾಕೆ. ಆಕೆಯ ಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ನಾಲ್ಕು ಮಿಷನ್ನುಗಳಿವೆ. ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾಗಿ ಆಕೆಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ.

"ಅಕ್ಕಾರ, ನಿಮ್ಮೋರು ಪಿಕ್ಚರ್‌ದಾಗ ಬಂದಾರ! ಏಳ್ರಿ, ಸೀರಿ ಉಟ್ಕೊಳ್ರಿ!"

ಹೋಗಲು ನನಗೆ ಒಂದೇ ಕಾರಣವಿತ್ತು. ಅವರ ದನಿ ನನ್ನ ಹತ್ತಿರ ಎಲ್ಲೂ ಇರಲಿಲ್ಲ. ಅವರ ಫೋನು ಗುಂಡಿ ಒತ್ತುವ ಹಳೇ ಫೋನು. ಸಂಬಂಧಿಕರ ಮದುವೆ ವಿಡಿಯೋಗಳಲ್ಲಿ ಅವರು ಪಂಕ್ತಿಯಲ್ಲಿ ಕೂತು ಉಣ್ಣುತ್ತಿರುತ್ತಾರೆ, ಮೇಲೆ ಯಾವುದೋ ಹಾಡು ಬರುತ್ತಿರುತ್ತದೆ. ಮುಖಕ್ಕೆ ಫೋಟೋ ಇದೆ. ದನಿ ಮಾತ್ರ ದಿನದಿನಕ್ಕೆ ನನ್ನ ಕಿವಿಯಿಂದ ಜಾರುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಅವರು ನನ್ನನ್ನು ಹೇಗೆ ಕರೆಯುತ್ತಿದ್ದರೆಂದು ನೆನೆಯಲು ಹೋದರೆ ನನ್ನ ದನಿಯಲ್ಲೇ ಕೇಳಿಸುತ್ತಿತ್ತು. ಒಂದು ಸಲ, ಒಂದೇ ಸಲ ಅದನ್ನು ಸರಿಯಾಗಿ ಕೇಳಿಬಿಡಬೇಕು ಅನ್ನುವುದೊಂದೇ ನನ್ನ ಆಸೆ.

ರಾಯದುರ್ಗಕ್ಕೆ ಬಂದದ್ದು ತೆಲುಗಿಗೆ ಡಬ್ ಮಾಡಿದ್ದು. ಆಂಧ್ರಕ್ಕೆ ಸೇರಿದ ನಮ್ಮ ಕಡೆ ಅದೇ ಬರುವುದು, ಯಾರಿಗೂ ತಕರಾರಿಲ್ಲ. ನನಗಾದರೂ ಟಾಕೀಸಿನಲ್ಲಿ ಕೂತ ಮೇಲೇ ಹೊಳೆಯಿತು, ಇವರ ದನಿ ಇದರಲ್ಲಿ ಎಲ್ಲಿಂದ ಬರಬೇಕು ಎಂದು. ಆದರೂ ಕಾದೆ. ಕಾದಂಬರಿಯ ಕೆರೆ ಅಣೆಕಟ್ಟಾಗಿತ್ತು. ನೀರುಗಂಟಿಗೆ ಇಬ್ಬರು ನಾಯಕಿಯರು ಬಂದಿದ್ದರು. ಮುದುಕನಾದ ಹೀರೋನ ಗಡ್ಡದ ಅಂಚು ಕಿವಿಯ ಹತ್ತಿರ ಎದ್ದು ನಿಂತಿತ್ತು. ಕೊನೆಗೆ ಜನ ಹೊಡೆಯಲು ಬಂದರು. ಕಂಬಳಿ ಹೊದ್ದು ಇವರು ನಿಂತಿದ್ದರು. ಪರದೆಯ ತುಂಬ ಇವರ ಮುಖ. ಪಕ್ಕಕ್ಕೆ ಸರಿದರು. ಬಾಯಿ ತೆರೆದರು. ಯಾರದೋ ದಪ್ಪ ದನಿ ಹೇಳಿತು:

"ಪಾಪನಿ ವದಿಲೇಯಂಡಿ!"

ಟಾಕೀಸಿನಲ್ಲಿ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ "ಏ ಪಾಪ?" ಎಂದು, ಯಾವ ಮಗು ಎಂದು ಕೂಗಿದರು. ಎಲ್ಲರೂ ನಕ್ಕರು.

ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಮಗು; ಮಗುವನ್ನು ಬಿಟ್ಟುಬಿಡಿ ಎಂದಂತಾಯಿತು. ನಾವು ಅಯ್ಯೋ ಪಾಪ ಎನ್ನುವ ಪಾಪಕ್ಕೆ ಅವರು ಪಾಪಂ ಎನ್ನುತ್ತಾರೆ. ಕೊನೆಗೊಂದು ಸೊನ್ನೆ ಇದೆ. ಡಬ್ಬಿಂಗಿಗೆ ಮಾತು ಬರೆದವರು ಕನ್ನಡದ ಕಾಗದದಲ್ಲಿ "ಪಾಪ, ಹೋಗ್ಲಿ ಬಿಡ್ರಿ" ಎಂದು ಇದ್ದುದನ್ನು ಓದಿ, ಯಾರೋ ಮಗುವನ್ನು ಹಿಡಿದುಕೊಂಡಿದ್ದಾರೆ, ಬಿಡಿ ಎನ್ನುತ್ತಿದ್ದಾನೆ ಎಂದು ತಿಳಿದಿರಬೇಕು. ಚಿತ್ರ ನೋಡದೆ ಬರೆದರೆ ಇನ್ನೇನಾಗುತ್ತದೆ? ಎರಡೂ ಭಾಷೆ ಬರುವ ನಮ್ಮ ಊರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ?

ಅಂದಿನಿಂದ ಅವರು ಊರಿಗೆಲ್ಲ "ಪಾಪ ತಾತ" ಆದರು. ತರಕಾರಿಯವಳು, "ಪಾಪ ತಾತನ ಮನಿಯವ್ರು, ಜರ ಚಲೋ ಬದನಿಕಾಯಿ ಹಾಕು" ಎಂದು ಮಗಳಿಗೆ ಹೇಳುತ್ತಾಳೆ. ಪ್ರೀತಿಯಿಂದಲೇ ಹೇಳುತ್ತಾಳೆ. ಅದಕ್ಕೇ ಬೈಯಲೂ ಆಗುವುದಿಲ್ಲ. ಪಕ್ಕದ ಮನೆಯಾಕೆಗಂತೂ ಆ ಮಗುವಿನದೇ ಚಿಂತೆ.

"ಅಲ್ರಿ ಅಕ್ಕಾರ, ಆ ಪಾಪ ಎಲ್ಲಿದ್ದಳು? ನಾ ಇಂಟರ್ವೆಲ್‌ದಾಗ ಬಜ್ಜಿ ತರಾಕ ಹೋಗಿದ್ದೆ. ಅವಾಗ ಬಂದಿದ್ದಳೇನು?"

"ಪಾಪನೂ ಇಲ್ಲ, ಏನೂ ಇಲ್ಲ. ಅದು ತಪ್ಪು."

"ಕಟ್ ಮಾಡಿರ್ತಾರ ಬಿಡ್ರಿ. ಸೆನ್ಸಾರ್‌ನೋರು."

ಮಕ್ಕಳಿಲ್ಲದ ಮನೆಯ ಬಾಗಿಲಲ್ಲಿ ನಿಂತು ದಿನಾ ಪಾಪ ಎಲ್ಲಿ, ಪಾಪ ಎಲ್ಲಿ ಎಂದು ಕೇಳುತ್ತಿದ್ದೇನೆ ಎಂದು ಆಕೆಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಕೇಳುತ್ತಿರಲಿಲ್ಲ.

ಕನ್ನಡದ್ದರಲ್ಲಿ ಇವರ ದನಿ ಇದ್ದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಳ್ಳಾರಿಯ ಟಾಕೀಸಿನಿಂದ ಅದನ್ನು ಎರಡೇ ದಿನಕ್ಕೆ ಎತ್ತಿಬಿಟ್ಟಿದ್ದರು. ಮಡಕಶಿರದಿಂದ ತಮ್ಮ ಫೋನು ಮಾಡಿ, ಅಲ್ಲಿ ಕನ್ನಡದ್ದೇ ಹಾಕಿದ್ದಾರೆ, ಗುರುವಾರದವರೆಗೆ ಇರುತ್ತದೆ ಎಂದ. ಬುಧವಾರ ಹೊರಟೆ. ರಾಯದುರ್ಗದಿಂದ ಕಲ್ಯಾಣದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಪಾವಗಡಕ್ಕೆ ಒಂದು, ಅಲ್ಲಿಂದ ಮಡಕಶಿರಕ್ಕೆ ಇನ್ನೊಂದು. ನಡುವೆ ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬೀಳಬೇಕು. ಹೆಂಗಸರಿಗೆ ಫ್ರೀ ಎಂದು ತೋರಿಸಿದ ನನ್ನ ಆಧಾರ್ ಕಾರ್ಡು ಒಂದು ಬಸ್ಸಿನಲ್ಲಿ ನಡೆಯಿತು, ಇನ್ನೊಂದರಲ್ಲಿ ನಡೆಯಲಿಲ್ಲ. ಪಾವಗಡದಲ್ಲಿ ಒಂದೂವರೆ ತಾಸು ನಿಂತೆ. ಅವರಿದ್ದಿದ್ದರೆ ಡ್ರೈವರಿಗೂ ಪಾಪ ಎನ್ನುತ್ತಿದ್ದರು.

ತಮ್ಮ ಬಸ್‌ಸ್ಟ್ಯಾಂಡಿಗೆ ಬಂದಿದ್ದ.

"ಏನಕ್ಕ, ಇಂಗೆ ಸೊರಗೋಗ್ಬುಟ್ಟಿದ್ದೀಯ? ಊಟ ಗೀಟ ಮಾಡ್ತಿದ್ದೀಯೋ ಇಲ್ವೋ?"

"ಪಿಕ್ಚರ್ ಎಷ್ಟೊತ್ತಿಗೆ ಹೇಳ್ಲಾ."

"ಆರಕ್ಕೆ. ಮೊದ್ಲು ಮುದ್ದೆ ಉಣ್ಣು. ಭಾವ ಎಲ್ಲೂ ಓಡೋಗಲ್ಲ" ಎಂದುಬಿಟ್ಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಆ ಮಾತಿಗೆ ನಾನು ಬಹಳ ದಿನದ ಮೇಲೆ ನಕ್ಕೆ.

ಸಂಜೆ ಟಾಕೀಸಿನಲ್ಲಿ ಮೂವತ್ತು ಜನವೂ ಇರಲಿಲ್ಲ. ಗುಡಿಬಂಡೆ ಕಡೆಯಿಂದ ಆಟೋದಲ್ಲಿ ಬಂದ ಹೆಂಗಸರ ಗುಂಪೊಂದು ನಮ್ಮ ಮುಂದೆ ಕೂತು ಕಡಲೆಕಾಯಿ ಸುಲಿಯುತ್ತಿತ್ತು. ಇಬ್ಬರು ನಾಯಕಿಯರು, ಗಡ್ಡ, ಹಾಡು ಎಲ್ಲ ಮುಗಿದು ಕಂಬಳಿ ಬಂತು. ಮುಖ ಬಂತು. ಕಡಲೆಕಾಯಿ ಸದ್ದು ನಿಲ್ಲಿಸಿ ಎಂದು ಕೂಗಬೇಕೆನ್ನಿಸಿತು. ಅವರು ಬಾಯಿ ತೆರೆದರು.

"ಪಾಪ, ಹೋಗಲಿ ಬಿಡಿ."

ಮಾತು ಅವರದು, ಮೂವತ್ತೈದು ವರ್ಷ ನನ್ನನ್ನು ರೇಗಿಸಿದ ಮಾತು. ದನಿ ಅವರದಲ್ಲ. ರೇಡಿಯೋದಲ್ಲಿ ವಾರ್ತೆ ಓದುವಂಥ ದನಿ, ಒಂದೊಂದು ಅಕ್ಷರ ತೊಳೆದು ಒಣಗಿಸಿಟ್ಟಂತೆ. ಬಿಡ್ರಿ ಅನ್ನುವುದನ್ನೂ ತಿದ್ದಿ ಬಿಡಿ ಮಾಡಿದ್ದರು. ಮೂರು ಬಸ್ಸು ಹತ್ತಿ ನಾನು ಕೇಳಲು ಬಂದದ್ದು ಇದನ್ನು.

ಮುಂದಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, "ಎಂಥ ಒಳ್ಳೆ ಮುದುಕಪ್ಪ ನೋಡೇ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಮರುದಿನ ತಮ್ಮನ ಮನೆಯ ಜಗಲಿಯಿಂದ ಸಿನಿಮಾದ ಒಬ್ಬ ಹೆಣ್ಣುಮಗಳಿಗೆ ಫೋನು ಮಾಡಿದೆ. ಆಕೆ ನಿರ್ದೇಶಕರ ಸಹಾಯಕಿ. ಶೂಟಿಂಗಿನ ದಿನಗಳಲ್ಲಿ ಎರಡು ಸಲ ನಮ್ಮ ಮನೆಗೆ ಬಂದು ಜೋಳದ ರೊಟ್ಟಿ ತಿಂದು ಹೋಗಿದ್ದಳು. ಅವರು ಹೋದ ಸುದ್ದಿ ಆಕೆಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಅತ್ತಳು. ನಾನು ಅಳು ಮುಗಿಯುವವರೆಗೆ ಕಾದು ಬೈಯಲು ಶುರು ಮಾಡಿದೆ. ತೆಲುಗಿನ ಮಗುವಿನಿಂದ ಹಿಡಿದು ಗಡ್ಡದವರೆಗೆ ಯಾವುದನ್ನೂ ಬಿಡಲಿಲ್ಲ. ಕಾದಂಬರಿಯಲ್ಲಿ ಆ ಮುದುಕ ಬಾಯೇ ಬಿಡುವುದಿಲ್ಲ, ನೀವ್ಯಾಕೆ ಮಾತು ಕೊಟ್ಟಿರಿ, ಕೊಟ್ಟ ಮೇಲೆ ಅವರ ದನಿಯನ್ನು ಯಾಕೆ ಕಿತ್ತುಹಾಕಿದಿರಿ ಎಂದು ಕೇಳಿದೆ.

"ಅಮ್ಮ, ಡ್ಯಾಮ್ ಹತ್ರ ಗಾಳಿ ಜಾಸ್ತಿ ಇತ್ತಲ್ಲ, ಅಲ್ಲಿ ರೆಕಾರ್ಡ್ ಮಾಡಿದ್ದು ಯಾವುದೂ ಉಪಯೋಗಕ್ಕೆ ಬರ್ಲಿಲ್ಲ. ಎಲ್ಲರದ್ದೂ ಸ್ಟುಡಿಯೋದಲ್ಲಿ ಮತ್ತೆ ಹೇಳಿಸಿದ್ವಿ."

"ಅವರನ್ನ ಕರೀಬೇಕಿತ್ತು."

ಆಕೆ ಬಹಳ ಮೆಲ್ಲಗೆ, "ಕರೆದಿದ್ವಿ ಅಮ್ಮ. ಎರಡು ಸಲ. ನೀವೇ ಫೋನ್ ಎತ್ತಿದ್ರಿ" ಎಂದಳು.

ನನಗೆ ನೆನಪಾಯಿತು. ಯುಗಾದಿ ಮುಂದಿದ್ದ ದಿನಗಳು. ಮನೆಗೆ ಸುಣ್ಣ ಹೊಡೆಸುತ್ತಿದ್ದೆ. ಪಾತ್ರೆಗಳೆಲ್ಲ ಅಂಗಳದಲ್ಲಿದ್ದವು, ಅವರು ಹಿತ್ತಲಲ್ಲಿ ಟ್ರಂಕು ಉಜ್ಜುತ್ತಿದ್ದರು. ಸುಣ್ಣದ ಕೈಯಲ್ಲೇ ಫೋನು ಎತ್ತಿ, "ಸಕ್ಕರೆ ಕಾಯಿಲೆ ಮನುಷ್ಯ, ಅವರಿಗೆ ಬೆಂಗಳೂರು ಗಿಂಗಳೂರು ಎಲ್ಲ ಆಗಲ್ಲ. ಯಾರದಾದ್ರೂ ದನಿ ಹಾಕ್ಕೊಳ್ಳಿ, ಯಾರಿಗೆ ಗೊತ್ತಾಗ್ತದೆ" ಎಂದಿದ್ದೆ. ಎರಡನೇ ಸಲ ಅಷ್ಟೂ ಹೇಳದೆ ಇಟ್ಟಿದ್ದೆ. ಅವರಿಗೆ ಹೇಳಲೇ ಇಲ್ಲ. ಮುಚ್ಚಿಡಬೇಕೆಂದಲ್ಲ. ಸುಣ್ಣದ ಗಡಿಬಿಡಿಯಲ್ಲಿ ಅದೊಂದು ವಿಷಯ ಅನ್ನಿಸಲಿಲ್ಲ. ಆಮೇಲೆ ಅವರು ಎರಡು ಮೂರು ಸಲ, "ಪಿಕ್ಚರ್‌ನೋರು ಫೋನ್ ಗೀನ್ ಮಾಡಿದ್ರೇನು?" ಎಂದು ಕೇಳಿದ್ದರು. "ಅವರಿಗೇನು ಬ್ಯಾರೆ ಕೆಲಸ ಇಲ್ಲೇನು?" ಎಂದಿದ್ದೆ. ಅಷ್ಟರಲ್ಲಿ ನಾನೇ ಮರೆತಿದ್ದೆನೋ, ಒಪ್ಪಿಕೊಳ್ಳಲು ಸೋಮಾರಿತನವೋ, ಈಗ ಹೇಳಲಾರೆ. ಕೇಳುವಾಗ ಅವರು ನನ್ನ ಮುಖ ನೋಡದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು ಎಂಬುದು ಮಾತ್ರ ನೆನಪಿದೆ.

ಅವರ ದನಿಯನ್ನು ಕಿತ್ತುಹಾಕಿದವಳು ನಾನು. ಊರಿಗೆಲ್ಲ ಬೈಯುತ್ತಾ ತಿರುಗಿದವಳೂ ನಾನು.

"ಆ ಗಾಳಿ ಇದ್ದ ರೆಕಾರ್ಡಿಂಗು ಇದೆಯಾ?" ಎಂದು ಕೇಳಿದೆ.

"ಹಾರ್ಡ್‌ಡಿಸ್ಕ್‌ನಲ್ಲಿ ಇದ್ರೂ ಇರಬಹುದು. ಹುಡುಕ್ತೀನಿ ಅಮ್ಮ. ಇನ್ನೊಂದು ವಿಷ್ಯ, ಆ ಮಾತು ನಾವು ಬರೆದಿದ್ದಲ್ಲ. ಸ್ಕ್ರಿಪ್ಟ್‌ನಲ್ಲಿ ಅವರು ಸುಮ್ನೆ ಸರೀಬೇಕು ಅಂತಲೇ ಇತ್ತು. ಸಿಕ್ಕಿದ್ರೆ ಕಳಿಸ್ತೀನಿ, ನೀವೇ ಕೇಳಿ."

ತಮ್ಮ ಇನ್ನೆರಡು ದಿನ ಇರು ಎಂದ. ಇರಲಾಗಲಿಲ್ಲ. ರಾಯದುರ್ಗಕ್ಕೆ ವಾಪಸಾಗಿ ದಿನಕ್ಕೆ ಹತ್ತು ಸಲ ಫೋನು ನೋಡುತ್ತಿದ್ದೆ. ಒಂದು ವಾರ ಏನೂ ಇಲ್ಲ. ಎರಡನೇ ವಾರ ಒಂದು ಹಬ್ಬದ ಶುಭಾಶಯ ಕಳಿಸಿದಳು. ಹೂವಿನ ಚಿತ್ರ. ಎಸೆಯಬೇಕೆನ್ನಿಸಿತು ಆ ಫೋನನ್ನು. ಮೂರು ವಾರವಾದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ನನ್ನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಅದು ಬಂತು. ಇಪ್ಪತ್ತೆರಡು ಸೆಕೆಂಡು.

ಒತ್ತಿದೆ. ಗಾಳಿ. ಬರೀ ಗಾಳಿ, ಡಬ್ಬಿಯೊಳಗೆ ಯಾರೋ ಊದಿದಂತೆ. ಅದರ ನಡುವೆ, ದೂರದಿಂದ, ಕಿವಿ ಚುಚ್ಚುವಂಥ ಒಂದು ಹೆಂಗಸಿನ ದನಿ:

"ಅನ್ನ ಆರೋಯ್ತದೆ! ಬತ್ತೀರೋ ಇಲ್ವೋ?"

"ಕಟ್! ಯಾರ್ರೀ ಅದು? ಒಳ್ಳೇ ಟೇಕ್ ಹಾಳ್ಮಾಡಿದ್ರು. ಕಳಿಸ್ರೀ ಆಚೆ!"

ಆಮೇಲೆ ಬಟ್ಟೆಯ ಸರಸರ ಸದ್ದು, ಕಂಬಳಿಯದಿರಬೇಕು. ಮೈಕಿನ ಹತ್ತಿರವೇ, ಗಾಳಿಗೆ ಬೆನ್ನು ಕೊಟ್ಟು ತಿರುಗಿದವರಂತೆ, ಮೂಗಿನಲ್ಲಿ ಸ್ವಲ್ಪ ನಗು ತುಂಬಿಕೊಂಡು:

"ನಮ್ಮಾಕಿ ರೀ ಸಾರ್. ಮಡಕಶಿರದಾಕಿ. ಪಾಪ, ಹೋಗ್ಲಿ ಬಿಡ್ರಿ."

ಯಾರೋ ನಕ್ಕರು. ನಿರ್ದೇಶಕರ ದನಿ, ಈಗ ಮೆತ್ತಗಾಗಿ, "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದಿತು. ಅಲ್ಲಿಗೆ ನಿಂತಿತು.

ಮಿಷನ್ನಿನ ಸದ್ದಿಗೆ ಕಿವಿ ಮಂದವಾದ ಪಕ್ಕದ ಮನೆಯಾಕೆ ಮುಂದಕ್ಕೆ ಬಾಗಿದಳು. "ನಿಮ್ಮೋರೇ ಅಲ್ಲೇನ್ರಿ? ಏನಂತಾರ?"

"ಹೋಗ್ಲಿ ಬಿಡ್ರಿ ಅಂತಾರ."

"ಯಾರನ್ನ? ಆ ಪಾಪನ್ನೇನು?"

"ಹೂಂ."

"ನಾ ಹೇಳಿರ್ಲಿಲ್ಲೇನು, ಪಾಪ ಇತ್ತು ಅಂತ! ಯಾರ್ರಿ ಆ ಪಾಪ?"

"ನಾನೇ ರೀ" ಎಂದೆ.

ಆಕೆ ನನ್ನ ಮುಖವನ್ನೂ ತಲೆಯ ಬಿಳಿಗೂದಲನ್ನೂ ನೋಡಿ, "ಈ ವಯಸ್ಸಿನಾಗ ಪಾಪ ಅಂತ್ರಿ ನೀವು" ಎಂದು ಜೋರಾಗಿ ನಕ್ಕಳು. ನಾನು ಇನ್ನೊಂದು ಸಲ ಒತ್ತಿದೆ. ಎಷ್ಟು ಸಲ ಒತ್ತಿದರೂ ಅವರ ದನಿಗಿಂತ ಮೊದಲು ನನ್ನ ಆ ಕೂಗನ್ನು ಕೇಳಲೇಬೇಕು.